ಸಾಕುಪ್ರಾಣಿಗಳ ಡಬ್ಬಿಯಲ್ಲಿ ಮೆಲಮೈನ್: ಎಡವಿದ್ದು ಸರ್ಕಾರವೋ, ಮಾರುಕಟ್ಟೆಯೋ?

ಪ್ರಶ್ನೆ: 2007ರಲ್ಲಿ ಅಮೆರಿಕದಲ್ಲಿ ಕಲಬೆರಕೆಯ ಆಹಾರ ತಿಂದು ಬಹಳಷ್ಟು ನಾಯಿ, ಬೆಕ್ಕುಗಳು ಸತ್ತವೆಂದು ಓದಿದ್ದೇನೆ. ಅದರ ಬಗ್ಗೆ ಎರಡು ವಾದಗಳು ಕೇಳಿಬರುತ್ತವೆ. ಸರ್ಕಾರದ ಹಿಡಿತ ಸಡಿಲವಾಗಿದ್ದರಿಂದಲೇ ಹೀಗಾಯಿತು ಎಂಬುದು ಒಂದು. ಅಷ್ಟು ದೊಡ್ಡ ಸರ್ಕಾರಿ ಸಂಸ್ಥೆ ಇದ್ದೂ ಹೀಗಾಯಿತೆಂದರೆ ನಿಯಂತ್ರಣದಿಂದ ಪ್ರಯೋಜನವಿಲ್ಲ, ತಪ್ಪು ಮಾಡಿದ ಕಂಪನಿಯನ್ನು ಮಾರುಕಟ್ಟೆಯೇ ಶಿಕ್ಷಿಸುತ್ತದೆ ಎಂಬುದು ಇನ್ನೊಂದು. ಯಾವುದನ್ನು ಒಪ್ಪಬೇಕು? ಆಮೇಲೆ ಬಂದ ಕಾನೂನುಗಳಿಂದ ಏನಾದರೂ ಬದಲಾಯಿತೇ?

ಉತ್ತರ: ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. 2007ರಲ್ಲಿ ಅಮೆರಿಕದಲ್ಲಿ ನಿಯಮಕ್ಕೆ ಕೊರತೆ ಇರಲಿಲ್ಲ. ಅಲ್ಲಿನ 1938ರ ಆಹಾರ, ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯ ಪ್ರಕಾರ ಮನುಷ್ಯರು ತಿನ್ನುವುದಷ್ಟೇ ಅಲ್ಲ, ಪ್ರಾಣಿಗಳು ತಿನ್ನುವುದೂ ಆಹಾರವೇ. ಅದನ್ನು ಕಲಬೆರಕೆ ಮಾಡಿ ಮಾರುವುದು ಆಗಲೂ ಅಪರಾಧವಾಗಿತ್ತು. ಕೊರತೆ ಇದ್ದದ್ದು ಬೇರೆ ಕಡೆ. ಸುಲಭವಾಗಿ ಮೋಸಗೊಳಿಸಬಹುದಾದ ಒಂದು ಅಳತೆಯನ್ನು ಕಾನೂನು, ಕಂಪನಿ, ಆಮದುದಾರ ಎಲ್ಲರೂ ನಂಬಿ ಕುಳಿತಿದ್ದರು. ಸಾವುಗಳು ಶುರುವಾದಾಗ ಅವನ್ನು ಒಟ್ಟುಗೂಡಿಸಿ ನೋಡುವವರು ಸರ್ಕಾರದಲ್ಲಿ ಯಾರೂ ಇರಲಿಲ್ಲ. ಈ ಕೊರತೆಯನ್ನು ಮಾರುಕಟ್ಟೆ ತಾನಾಗಿಯೇ ತುಂಬಿಕೊಳ್ಳುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಇನ್ನಷ್ಟು ಇನ್‌ಸ್ಪೆಕ್ಟರುಗಳನ್ನು ನೇಮಿಸಿದ್ದರೆ ಸಾಕಾಗುತ್ತಿತ್ತು ಎಂಬುದನ್ನೂ ನಾನು ಒಪ್ಪುವುದಿಲ್ಲ. ಹೀಗೆ ಹೇಳಲು ಕಾರಣ ತಿಳಿಯಬೇಕಾದರೆ ಸರಕು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕಾಗುತ್ತದೆ.

2007ರ ಮಾರ್ಚ್ 16ರಂದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಮೆನು ಫುಡ್ಸ್ ಎಂಬ ಕಂಪನಿ ಸುಮಾರು 6 ಕೋಟಿ ಡಬ್ಬಿ ಮತ್ತು ಪೊಟ್ಟಣಗಳನ್ನು ಅಂಗಡಿಗಳಿಂದ ವಾಪಸ್ ಪಡೆಯುವುದಾಗಿ ಪ್ರಕಟಿಸಿತು. ಮಾಂಸದ ತುಂಡುಗಳನ್ನು ಗಟ್ಟಿ ರಸದಲ್ಲಿ ಹಾಕಿ ಮುಚ್ಚಿದ, ಬೆಕ್ಕು ಮತ್ತು ನಾಯಿಗಳ ಹಸಿ ಆಹಾರ ಅದು. ಅಮೆರಿಕದ ಕನ್ಸಾಸ್ ರಾಜ್ಯದ ಎಂಪೋರಿಯಾ ಮತ್ತು ನ್ಯೂಜೆರ್ಸಿಯ ಪೆನ್ಸಾಕನ್‌ನಲ್ಲಿದ್ದ ಅದರ ಕಾರ್ಖಾನೆಗಳಲ್ಲಿ ತಯಾರಾಗಿತ್ತು. ಅಗ್ಗದ ಅಂಗಡಿ ಬ್ರ್ಯಾಂಡಿನಿಂದ ಹಿಡಿದು ದುಬಾರಿ ಬ್ರ್ಯಾಂಡಿನವರೆಗೆ ನೂರರ ಸಮೀಪದಷ್ಟು ಹೆಸರುಗಳಲ್ಲಿ ಈ ಒಂದೇ ಕಂಪನಿಯ ಡಬ್ಬಿಗಳು ಮಾರಾಟವಾಗುತ್ತಿದ್ದವು ಎಂಬ ಸಂಗತಿ ಹೆಚ್ಚಿನ ಗ್ರಾಹಕರಿಗೆ ತಿಳಿದದ್ದೇ ಆ ದಿನ. ಮುಂದಿನ ವಾರಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಗೆ, ಅಂದರೆ ಎಫ್‌ಡಿಎಗೆ, 17,000ಕ್ಕೂ ಹೆಚ್ಚು ದೂರುಗಳು ಬಂದವು. ಅವುಗಳಲ್ಲಿ ಸುಮಾರು 4,000 ಪ್ರಾಣಿಗಳು ಸತ್ತವೆಂದು ಸಾಕಿದವರು ಹೇಳಿದ್ದರು. ಆದರೆ ಮೊದಲ ವಾರಗಳಲ್ಲಿ ತಾನು ಖಚಿತಪಡಿಸಿಕೊಂಡಿರುವುದಾಗಿ ಸಂಸ್ಥೆ ಹೇಳುತ್ತಿದ್ದ ಸಾವುಗಳ ಸಂಖ್ಯೆ ಇಪ್ಪತ್ತನ್ನೂ ಮುಟ್ಟಿರಲಿಲ್ಲ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ನೆನಪಿಡಿ. ಅದರ ವಿಷಯ ಮುಂದೆ ಬರುತ್ತದೆ.

ಕಾರಣ ಹುಡುಕುವ ಕೆಲಸ ಮೊದಲು ಹಾದಿ ತಪ್ಪಿತು. ಮಾರ್ಚ್ 23ರಂದು ನ್ಯೂಯಾರ್ಕ್ ರಾಜ್ಯದ ಪ್ರಯೋಗಾಲಯ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯದವರು ಆಹಾರದಲ್ಲಿ ಅಮಿನೊಪ್ಟೆರಿನ್ ಎಂಬ ಇಲಿ ಪಾಷಾಣ ಸಿಕ್ಕಿದೆ ಎಂದರು. ವಾರದೊಳಗೆ, ಮಾರ್ಚ್ 30ರಂದು, ಎಫ್‌ಡಿಎ ಬೇರೆಯದೇ ಹೆಸರು ಹೇಳಿತು: ಮೆಲಮೈನ್. ತಟ್ಟೆ, ಲೋಟ, ಅಡುಗೆಮನೆಯ ಕಟ್ಟೆಗೆ ಅಂಟಿಸುವ ಹಲಗೆ ಇವುಗಳ ಪ್ಲಾಸ್ಟಿಕ್‌ಗೆ ಬಳಸುವ ರಾಸಾಯನಿಕ ಅದು. ಡಬ್ಬಿಯ ರಸವನ್ನು ಗಟ್ಟಿಯಾಗಿಸಲು ಹಾಕಿದ್ದ ಗೋಧಿಯ ಗ್ಲುಟೆನ್‌ನಲ್ಲಿ (ಅಂದರೆ ಗೋಧಿ ಹಿಟ್ಟಿನಿಂದ ಬೇರ್ಪಡಿಸಿದ ಪ್ರೋಟೀನಿನಲ್ಲಿ) ಅದು ಸೇರಿಕೊಂಡಿತ್ತು. ಆ ಗ್ಲುಟೆನ್ನನ್ನು ಮೆನು ಫುಡ್ಸ್‌ಗೆ ಮಾರಿದ್ದು ನೆವಾಡಾದ ಲಾಸ್ ವೇಗಸ್‌ನ ಕೆಮ್‌ನ್ಯೂಟ್ರಾ. ಕೆಮ್‌ನ್ಯೂಟ್ರಾಗೆ ಕಳಿಸಿದ್ದು ಚೀನಾದ ಜಿಯಾಂಗ್ಸು ಪ್ರಾಂತ್ಯದ ಷುಝೌ ಆನ್‌ಯಿಂಗ್ ಎಂಬ ಕಂಪನಿ. ನಡುವೆ ರಫ್ತಿನ ಕಾಗದಪತ್ರ ನೋಡಿಕೊಂಡದ್ದು, ಹೆಸರಿನಲ್ಲಿ ರೇಷ್ಮೆ, ಜವಳಿ ಮತ್ತು ಕರಕುಶಲ ವಸ್ತುಗಳನ್ನು ಹೊತ್ತಿದ್ದ ಸುಝೌನ ಒಂದು ಸಂಸ್ಥೆ. 2006ರ ನವೆಂಬರ್‌ನಿಂದ 2007ರ ಫೆಬ್ರವರಿವರೆಗೆ 800 ಟನ್ನಿಗೂ ಹೆಚ್ಚು ಸರಕು ಈ ದಾರಿಯಲ್ಲಿ ಬಂದಿತ್ತು. ಚೀನಾದಲ್ಲಿ ಆಹಾರ ಪದಾರ್ಥಗಳ ರಫ್ತಿಗೆ ತಪಾಸಣೆ ಕಡ್ಡಾಯವಾಗಿದ್ದರಿಂದ, ಆಹಾರವಲ್ಲದ ವಸ್ತುಗಳ ಸಂಕೇತದಡಿ ಅದನ್ನು ಹಡಗಿಗೆ ಏರಿಸಲಾಗಿತ್ತೆಂದು ಅಮೆರಿಕದ ದೋಷಾರೋಪ ಪಟ್ಟಿ ಹೇಳಿತು. ಮೇ ತಿಂಗಳಲ್ಲಿ ಎಫ್‌ಡಿಎ ಇನ್ನೊಂದು ಸಂಗತಿಯನ್ನು ಪ್ರಕಟಿಸಿತು: ಗ್ಲುಟೆನ್ ಎಂದು ಬಂದದ್ದು ಗ್ಲುಟೆನ್ನೇ ಅಲ್ಲ, ಮೆಲಮೈನ್ ಬೆರೆಸಿದ ಸಾಮಾನ್ಯ ಗೋಧಿ ಹಿಟ್ಟು.

ಇಷ್ಟು ಕೈಗಳನ್ನು ದಾಟುವಾಗ ಹಿಟ್ಟು ಗ್ಲುಟೆನ್ ಎಂದು ನಡೆದುಹೋದದ್ದು ಹೇಗೆ? ನಿಯಂತ್ರಣದ ಚರ್ಚೆಗೆ ಅತ್ಯಂತ ಮುಖ್ಯವಾದ ಭಾಗ ಇದು. ವಾದ ಮಾಡುವವರು ಹೆಚ್ಚಾಗಿ ದಾಟಿಸಿಬಿಡುವ ಭಾಗವೂ ಇದೇ.

ಆಹಾರದಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ನೇರವಾಗಿ ಅಳೆಯುವುದು ದುಬಾರಿ ಕೆಲಸ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೊಹಾನ್ ಕೆಲ್ಡಾಲ್ 1883ರಲ್ಲಿ ಒಂದು ಒಳದಾರಿ ಕಂಡುಹಿಡಿದ. ಮಾದರಿಯನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿ ಅದರಲ್ಲಿರುವ ಸಾರಜನಕವನ್ನು ಅಳೆಯುವುದು. ಪ್ರೋಟೀನಿನ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ 16 ಭಾಗ ಸಾರಜನಕ ಇರುವುದರಿಂದ ಬಂದ ಅಂಕಿಯನ್ನು 6.25ರಿಂದ ಗುಣಿಸುವುದು. ಪ್ರಾಮಾಣಿಕನ ಕೈಯಲ್ಲಿ ಈ ವಿಧಾನ ಇವತ್ತಿಗೂ ಒಳ್ಳೆಯ ವಿಧಾನವೇ. ಆದರೆ ಈ ಸಾರಜನಕ ಯಾವ ಮೂಲದಿಂದ ಬಂತು ಎಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ. ಮೆಲಮೈನ್ ತೂಕದ ಮೂರನೇ ಎರಡು ಭಾಗ, ಅಂದರೆ ಶೇ 66ಕ್ಕೂ ಹೆಚ್ಚು, ಸಾರಜನಕವೇ. ಅದನ್ನು 6.25ರಿಂದ ಗುಣಿಸಿ ನೋಡಿ: ಒಂದು ಕಿಲೋ ಮೆಲಮೈನ್ ಈ ಪರೀಕ್ಷೆಯ ಕಣ್ಣಿಗೆ ನಾಲ್ಕು ಕಿಲೋಗೂ ಹೆಚ್ಚು ಪ್ರೋಟೀನ್. ನೂರು ಕಿಲೋ ಹಿಟ್ಟಿಗೆ ಒಂದು ಕಿಲೋ ಬೆರೆಸಿದರೆ ವರದಿಯಲ್ಲಿ ಪ್ರೋಟೀನಿನ ಅಂಕಿ ಶೇ 4ರಷ್ಟು ಮೇಲಕ್ಕೆ ಹೋಗುತ್ತದೆ. ಎಫ್‌ಡಿಎ ಪರೀಕ್ಷಿಸಿದ ಕೆಲವು ಮಾದರಿಗಳಲ್ಲಿ ಮೆಲಮೈನ್ ಶೇ 6.6ರವರೆಗೂ ಇತ್ತು. ಗ್ಲುಟೆನ್ನಿನ ಬೆಲೆ ನಿಂತಿರುವುದು ಪ್ರೋಟೀನಿನ ಅಂಕಿಯ ಮೇಲೆ, ಹಿಟ್ಟು ಅಗ್ಗ, ಮೆಲಮೈನ್ ಕಾರ್ಖಾನೆಯಲ್ಲಿ ಉಳಿಯುವ ಕಸ ಇನ್ನೂ ಅಗ್ಗ. ಆ ಕಸವನ್ನು ಪಶು ಆಹಾರಕ್ಕೆ ಬೆರೆಸುವ ರೂಢಿ ಅಲ್ಲಿ ದೊಡ್ಡ ಗುಟ್ಟೇನೂ ಆಗಿರಲಿಲ್ಲವೆಂದು ಆ ವರ್ಷದ ಏಪ್ರಿಲ್‌ನಲ್ಲಿ ಚೀನಾದ ವ್ಯಾಪಾರಿಗಳೇ ಪತ್ರಕರ್ತರಿಗೆ ಹೇಳಿದ್ದರು. ಅದಕ್ಕೂ ಮೊದಲು ಇದೇ ಲೆಕ್ಕಾಚಾರಕ್ಕೆ ಯೂರಿಯಾ ಬಳಕೆಯಾಗುತ್ತಿತ್ತು. ಪರೀಕ್ಷೆ ಯೂರಿಯಾವನ್ನು ಹಿಡಿಯತೊಡಗಿದರೆ ಮೆಲಮೈನ್. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರಿಗೆ ಸಿದ್ಧವಾದ ದಾರಿ ಇದು.

ಈಗ ಗಮನಿಸಬೇಕಾದದ್ದು, ಅಮೆರಿಕದಲ್ಲಿ ಸಾಕುಪ್ರಾಣಿಗಳ ಆಹಾರದ ಡಬ್ಬಿಯ ಮೇಲೆ ಕನಿಷ್ಠ ಇಷ್ಟು ಕಚ್ಚಾ ಪ್ರೋಟೀನ್ ಇದೆಯೆಂದು ಮುದ್ರಿಸಬೇಕೆಂದು ಹೇಳುವುದು ನಿಯಮವೇ. ರಾಜ್ಯಗಳ ಅಧಿಕಾರಿಗಳು ಸೇರಿ 1909ರಲ್ಲಿ ಕಟ್ಟಿಕೊಂಡ ಒಕ್ಕೂಟವೊಂದು ಮಾದರಿ ನಿಯಮಗಳನ್ನು ಬರೆಯುತ್ತದೆ, ಹೆಚ್ಚಿನ ರಾಜ್ಯಗಳು ಅವನ್ನೇ ಅಳವಡಿಸಿಕೊಳ್ಳುತ್ತವೆ. ಕಚ್ಚಾ ಪ್ರೋಟೀನ್ ಎಂದರೆ ಸಾರಜನಕವನ್ನು ಅಳೆದು ಗುಣಿಸಿದ ಅಂಕಿ, ಅಷ್ಟೇ. ಅಂದರೆ ನಿಯಮ ಇತ್ತು, ಪಾಲನೆಯೂ ಆಗುತ್ತಿತ್ತು, ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ನಿಯಂತ್ರಣವೇ ಇರಲಿಲ್ಲ ಎನ್ನುವವರು ಇದಕ್ಕೆ ಉತ್ತರ ಕೊಡಬೇಕು. ಇತ್ತ, ನಿಯಮ ಬೇಡ, ಖರೀದಿದಾರನೇ ತನಗೆ ಬೇಕಾದ ಗುಣಮಟ್ಟ ನೋಡಿಕೊಳ್ಳುತ್ತಾನೆ ಎನ್ನುವವರೂ ಉತ್ತರ ಕೊಡಬೇಕು. ಏಕೆಂದರೆ ಯಾವ ಒತ್ತಾಯವೂ ಇಲ್ಲದೆ ಗ್ಲುಟೆನ್ ಕೊಂಡ ಖಾಸಗಿ ಕಂಪನಿಗಳೂ ಅದೇ ಅಂಕಿಯನ್ನು ನಂಬಿ ಹಣ ಕೊಟ್ಟಿದ್ದವು.

ವಿಷದ ಸ್ವಭಾವವೂ ವಿಚಿತ್ರವಾಗಿತ್ತು. ಮೆಲಮೈನ್ ಒಂದನ್ನೇ ತಿನ್ನಿಸಿದರೆ ಪ್ರಾಣಿಗಳಿಗೆ ಅಂಥ ತೀವ್ರ ಅಪಾಯವಿಲ್ಲ. ಆದರೆ ಕಾರ್ಖಾನೆಯ ಕಸದಲ್ಲಿ ಅದರೊಡನೆ ಸೈನ್ಯೂರಿಕ್ ಆಮ್ಲವೂ ಇರುತ್ತದೆ. ಎರಡೂ ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಭೇಟಿಯಾದಾಗ, ನೀರಿನಲ್ಲಿ ಕರಗದ, ಹಸಿರು ಮಿಶ್ರಿತ ಕಂದು ಬಣ್ಣದ ದುಂಡು ಹರಳುಗಳಾಗಿ ನಾಳವನ್ನು ಮುಚ್ಚುತ್ತವೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ಬೆಕ್ಕಿನ ಮೂತ್ರಕ್ಕೆ ಎರಡನ್ನೂ ಬೆರೆಸಿ ಕೆಲವೇ ಗಂಟೆಗಳಲ್ಲಿ ಇಂಥ ಹರಳು ಮೂಡುವುದನ್ನು ತೋರಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ನಡೆದ ಪ್ರಯೋಗದಲ್ಲಿ ಒಂದೊಂದನ್ನೇ ತಿಂದ ಬೆಕ್ಕುಗಳ ಮೂತ್ರಪಿಂಡಕ್ಕೆ ಏನೂ ಆಗಲಿಲ್ಲ. ಎರಡನ್ನೂ ಒಟ್ಟಿಗೆ ತಿಂದವುಗಳ ಮೂತ್ರಪಿಂಡ ಕೆಲಸ ನಿಲ್ಲಿಸಿತು. ಎಷ್ಟೇ ಕಟ್ಟುನಿಟ್ಟಿನ ಇನ್‌ಸ್ಪೆಕ್ಟರ್ ಆಗಿದ್ದರೂ 2006ರಲ್ಲಿ ಗೋಧಿ ಗ್ಲುಟೆನ್ನಿನ ಚೀಲದಲ್ಲಿ ಪ್ಲಾಸ್ಟಿಕ್ಕಿನ ಕಚ್ಚಾವಸ್ತುವನ್ನು ಹುಡುಕುತ್ತಿರಲಿಲ್ಲ. ಪರೀಕ್ಷೆ ಎಂಬುದು ನಾವು ಮೊದಲೇ ಅನುಮಾನಿಸಿದ್ದನ್ನು ಮಾತ್ರ ಹುಡುಕುತ್ತದೆ. ಬಂದರಿನಲ್ಲಿ ಕೈಯಾರೆ ತಪಾಸಣೆಯಾಗುತ್ತಿದ್ದದ್ದೂ ಆಮದು ಆಹಾರದ ಸುಮಾರು ನೂರರಲ್ಲಿ ಒಂದು ಭಾಗ ಮಾತ್ರ; ಅದನ್ನು ಎರಡಕ್ಕೋ ಮೂರಕ್ಕೋ ಏರಿಸಿದ್ದರೆ ಈ ಸರಕು ಸಿಕ್ಕಿಬೀಳುತ್ತಿತ್ತು ಎಂದು ನಂಬುವುದು ಕಷ್ಟ.

ಹಾಗಾದರೆ ಅನುಮಾನ ಬರುವ ಅವಕಾಶವೇ ಇರಲಿಲ್ಲವೇ? ಇತ್ತು. 2004ರಲ್ಲಿ ಏಷ್ಯಾದ ಕೆಲವು ದೇಶಗಳಲ್ಲಿ, ಥಾಯ್ಲೆಂಡಿನಲ್ಲಿ ತಯಾರಾದ ಆಹಾರ ತಿಂದ ನಾಯಿಗಳು ಸಾವಿರಾರು ಸಂಖ್ಯೆಯಲ್ಲಿ ಮೂತ್ರಪಿಂಡದ ಕಾಯಿಲೆಗೆ ತುತ್ತಾಗಿದ್ದವು. ಆಗ ಬೂಸ್ಟಿನ ವಿಷವೆಂದು ತೀರ್ಮಾನಿಸಿ ಕಡತ ಮುಚ್ಚಲಾಯಿತು. 2007ರ ನಂತರ ಆ ಪ್ರಾಣಿಗಳ ಅಂಗಾಂಶದ ಮಾದರಿಗಳನ್ನು ಹೊರತೆಗೆದು ಮತ್ತೆ ನೋಡಿದಾಗ ಕಂಡದ್ದು ಅದೇ ಮೆಲಮೈನ್, ಅದೇ ಸೈನ್ಯೂರಿಕ್ ಆಮ್ಲ. ಮೂರು ವರ್ಷ ಮೊದಲೇ ನಡೆದಿದ್ದ ಘಟನೆಯಿಂದ ಅಮೆರಿಕದ ಯಾವ ಕಂಪನಿಯೂ, ಯಾವ ಇಲಾಖೆಯೂ ಏನನ್ನೂ ಕಲಿಯಲಿಲ್ಲ. ಕಲಿಯುವುದು ಯಾರೊಬ್ಬರ ಕೆಲಸವೂ ಆಗಿರಲಿಲ್ಲ.

ಮಾರುಕಟ್ಟೆಯ ಪರವಾದ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಎಫ್‌ಡಿಎಯನ್ನೇ ರದ್ದುಪಡಿಸಬೇಕೆಂದು ವಾದಿಸುತ್ತಿದ್ದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್‌ರ ತರ್ಕದಲ್ಲಿ ಒಂದು ಗಟ್ಟಿ ಎಳೆ ಇದೆ: ಹೆಸರು ಕೆಟ್ಟರೆ ವ್ಯಾಪಾರ ಕೆಡುತ್ತದೆ, ಆದ್ದರಿಂದ ತನ್ನ ಸರಕು ಅಪಾಯಕಾರಿಯಾಗದಂತೆ ನೋಡಿಕೊಳ್ಳುವುದು ಮಾರುವವನ ಸ್ವಂತ ಹಿತವೇ ಆಗಿರುತ್ತದೆ. 2007ರಲ್ಲಿ ಇದಕ್ಕೆ ಪುರಾವೆಯೂ ಸಿಗುತ್ತದೆ. ಫೆಬ್ರವರಿ 20ರ ಹೊತ್ತಿಗೆ ಮೆನು ಫುಡ್ಸ್‌ಗೆ ಮೊದಲ ದೂರು ಬಂದಿತ್ತು. ಅದೇ 27ರಂದು ಶುರುವಾದ ಕಂಪನಿಯ ಸ್ವಂತ ರುಚಿ ಪರೀಕ್ಷೆಯಲ್ಲಿ ಪ್ರಾಣಿಗಳು ಸತ್ತವು. ಗ್ಲುಟೆನ್ ಮೇಲೆ ಮೊದಲು ಅನುಮಾನ ಪಟ್ಟದ್ದು ಕಂಪನಿಯೇ, ಇನ್‌ಸ್ಪೆಕ್ಟರ್ ಅಲ್ಲ. ಎಷ್ಟು ಪ್ರಾಣಿಗಳಿಗೆ ತೊಂದರೆಯಾಗಿದೆ ಎಂದು ದತ್ತಾಂಶ ಇಟ್ಟುಕೊಂಡು ಮೊದಲು ಅಂದಾಜು ಮಾಡಿದ್ದೂ ಒಂದು ಖಾಸಗಿ ಪಶು ಆಸ್ಪತ್ರೆಗಳ ಸರಣಿ. ಬ್ಯಾನ್‌ಫೀಲ್ಡ್ ಎಂಬ ಆ ಸರಣಿಯ ನೂರಾರು ಶಾಖೆಗಳಲ್ಲಿ ಪ್ರತಿ ರೋಗಿಯ ವಿವರವೂ ಒಂದೇ ಕಂಪ್ಯೂಟರ್ ವ್ಯವಸ್ಥೆಯಲ್ಲಿ ದಾಖಲಾಗುತ್ತಿದ್ದುದರಿಂದ, ಬೆಕ್ಕುಗಳಲ್ಲಿ ಮೂತ್ರಪಿಂಡ ವೈಫಲ್ಯ ಏರಿದ್ದು ಅವರಿಗೆ ಕಾಣಿಸಿತು. ಮನುಷ್ಯರ ಸಾಂಕ್ರಾಮಿಕ ರೋಗಗಳ ಮೇಲೆ ಕಣ್ಣಿಡಲು ಅಮೆರಿಕದಲ್ಲಿ ದೊಡ್ಡ ಸರ್ಕಾರಿ ಕೇಂದ್ರವೇ ಇದೆ. ನಾಯಿ, ಬೆಕ್ಕುಗಳ ಸಾವಿನ ಲೆಕ್ಕ ಇಡುವ ಸರ್ಕಾರಿ ಕಚೇರಿ ಇರಲಿಲ್ಲ. ಮೇಲೆ ಹೇಳಿದ 4,000 ಮತ್ತು ಇಪ್ಪತ್ತರ ನಡುವಿನ ಅಂತರ ಹುಟ್ಟಿದ್ದು ಇಲ್ಲಿಯೇ: ಜನ ಹೇಳಿದ್ದು ಸುಳ್ಳೆಂದಲ್ಲ, ಪರಿಶೀಲಿಸಲು ವ್ಯವಸ್ಥೆಯೇ ಇರಲಿಲ್ಲ.

ಇಷ್ಟನ್ನು ಒಪ್ಪಿಕೊಂಡ ಮೇಲೂ ಆ ವಾದ ನಿಲ್ಲುವುದಿಲ್ಲ. ಹೆಸರು ಕೆಡುವ ಭಯ ಕೆಲಸ ಮಾಡಬೇಕಾದರೆ ತಪ್ಪು ಯಾರದೆಂದು ಗ್ರಾಹಕನಿಗೆ ತಿಳಿಯಬೇಕು. ನೂರು ಹೆಸರಿನ ಡಬ್ಬಿಗಳ ಹಿಂದೆ ಒಂದೇ ಕಾರ್ಖಾನೆ, ಕಾರ್ಖಾನೆಯ ಹಿಂದೆ ಒಬ್ಬ ಆಮದುದಾರ, ಅವನ ಹಿಂದೆ ಜವಳಿ ಸಂಸ್ಥೆ, ಅದರ ಹಿಂದೆ ಹಿಟ್ಟು ಬೆರೆಸಿದವನು. ಒಂದು ಬ್ರ್ಯಾಂಡನ್ನು ಬಿಟ್ಟು ಇನ್ನೊಂದಕ್ಕೆ ಹೋದ ಗ್ರಾಹಕನಿಗೆ ಅದೇ ಕಾರ್ಖಾನೆಯ ಡಬ್ಬಿಯೇ ಸಿಗುವ ಸಾಧ್ಯತೆ ಇತ್ತು. ಕಲಬೆರಕೆ ಮಾಡಿದವನಿಗಂತೂ ಕಳೆದುಕೊಳ್ಳಲು ಹೆಸರೆಂಬುದೇ ಇರಲಿಲ್ಲ. ಬೆಕ್ಕು ಆಹಾರ ತಿಂದ ಕೂಡಲೇ ಸಾಯುವುದೂ ಇಲ್ಲ. ಮೂತ್ರಪಿಂಡ ಹಾಳಾಗಲು ದಿನಗಳೋ ವಾರಗಳೋ ಬೇಕು, ವಯಸ್ಸಾದ ಬೆಕ್ಕಾದರೆ ವಯಸ್ಸಿನ ಕಾಯಿಲೆ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ.

ನ್ಯಾಯಾಲಯ ಇದೆಯಲ್ಲ ಎನ್ನುತ್ತಾರೆ. ಅಮೆರಿಕದ ಹೆಚ್ಚಿನ ರಾಜ್ಯಗಳ ಕಾನೂನಿನಲ್ಲಿ ಸಾಕುಪ್ರಾಣಿ ಒಂದು ಸ್ವತ್ತು. ಅದು ಸತ್ತರೆ ಸಿಗುವ ಪರಿಹಾರ ಸಾಮಾನ್ಯವಾಗಿ ಅದರ ಮಾರುಕಟ್ಟೆ ಬೆಲೆ ಮತ್ತು ಚಿಕಿತ್ಸೆಯ ಖರ್ಚು, ಸಾಕಿದವರ ನೋವಿಗೆ ಬೆಲೆಯಿಲ್ಲ. ದಾರಿಯಲ್ಲಿ ಸಿಕ್ಕ ಬೆಕ್ಕಿನ ಮಾರುಕಟ್ಟೆ ಬೆಲೆ ಎಷ್ಟಿದ್ದೀತು? ಒಬ್ಬೊಬ್ಬರೇ ದಾವೆ ಹೂಡಿದರೆ ವಕೀಲರ ಶುಲ್ಕವೂ ಹುಟ್ಟುವುದಿಲ್ಲ. ನೂರಾರು ಜನರ ದಾವೆಗಳನ್ನು ಒಟ್ಟುಗೂಡಿಸಿ 2008ರಲ್ಲಿ 2.4 ಕೋಟಿ ಡಾಲರಿಗೆ ರಾಜಿಯಾಯಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ಕೆಮ್‌ನ್ಯೂಟ್ರಾ ಮತ್ತು ಅದರ ಮಾಲೀಕರು 2009ರಲ್ಲಿ ತಪ್ಪೊಪ್ಪಿಕೊಂಡರು. ಸಿಕ್ಕ ಶಿಕ್ಷೆ ಸಣ್ಣ ದಂಡ ಮತ್ತು ಸನ್ನಡತೆಯ ನಿಗಾ. ಚೀನಾದ ಎರಡು ಕಂಪನಿಗಳ ಮೇಲೂ ದೋಷಾರೋಪವಿತ್ತು, ಆದರೆ ಅವು ಅಮೆರಿಕದ ನ್ಯಾಯಾಲಯದ ಕೈಗೆಟುಕುವ ದೂರದಲ್ಲಿ ಇರಲಿಲ್ಲ. ನಷ್ಟ ಮಾಡಿದವನೇ ನಷ್ಟ ತುಂಬುತ್ತಾನೆ ಎಂಬ ಭರವಸೆಯ ಮೇಲೆ ನಿಂತ ವಾದಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ.

ಸರ್ಕಾರದ ಕಡೆಗೆ ತಿರುಗಿದರೆ, ಅಲ್ಲಿಯ ಚಿತ್ರವೂ ಹೆಮ್ಮೆ ಪಡುವಂಥದ್ದಲ್ಲ. ಅಪಾಯಕಾರಿ ಆಹಾರವನ್ನು ವಾಪಸ್ ಪಡೆಯಿರಿ ಎಂದು ಆದೇಶ ಮಾಡುವ ಅಧಿಕಾರವೇ, ಶಿಶುಗಳ ಹಾಲಿನ ಪುಡಿಯೊಂದನ್ನು ಬಿಟ್ಟರೆ, 2007ರಲ್ಲಿ ಎಫ್‌ಡಿಎಗೆ ಇರಲಿಲ್ಲ. ಪತ್ರಿಕೆಗಳಲ್ಲಿ ಬಂದ ಸ್ವಯಂಪ್ರೇರಿತ ವಾಪಸಾತಿ ಎಂಬ ಪದವನ್ನು ಅದರ ಪೂರ್ಣ ಅರ್ಥದಲ್ಲೇ ಓದಬೇಕು: ಕಂಪನಿ ಒಪ್ಪದಿದ್ದರೆ ಸಂಸ್ಥೆ ಎಚ್ಚರಿಕೆ ಪ್ರಕಟಿಸಬಹುದಿತ್ತು, ನ್ಯಾಯಾಲಯಕ್ಕೆ ಹೋಗಿ ಸರಕು ಜಪ್ತಿ ಮಾಡಿಸಬಹುದಿತ್ತು, ಅಷ್ಟೇ. ವಾಪಸಾತಿಯ ಪಟ್ಟಿ ವಾರಗಟ್ಟಲೆ ಕಂತಿನಲ್ಲಿ ಬೆಳೆಯುತ್ತಾ ಹೋಯಿತು. ಏಪ್ರಿಲ್‌ನಲ್ಲಿ ಚೀನಾದ ಮತ್ತೊಂದು ಕಂಪನಿಯಿಂದ ಬಂದ ಅಕ್ಕಿಯ ಪ್ರೋಟೀನಿನಲ್ಲೂ ಮೆಲಮೈನ್ ಸಿಕ್ಕಿತು. ಕಾರ್ಖಾನೆಗಳಲ್ಲಿ ಉಳಿದ ಆಹಾರವನ್ನು ಹಂದಿ ಮತ್ತು ಕೋಳಿಗಳಿಗೆ ಹಾಕಿದ್ದೂ ಬೆಳಕಿಗೆ ಬಂತು. ಸಾವಿರಾರು ಹಂದಿಗಳನ್ನು ತಡೆಹಿಡಿಯಬೇಕಾಯಿತು. ಮನುಷ್ಯರಿಗೆ ಅಪಾಯ ಅತಿ ಕಡಿಮೆ ಎಂದು ಸರ್ಕಾರ ಹೇಳಿತು. ಅದು ಸರಿಯೇ ಇರಬಹುದು, ಆದರೆ ನಾಯಿಯ ಡಬ್ಬಿಗೂ ಮನುಷ್ಯನ ತಟ್ಟೆಗೂ ನಡುವೆ ಗೋಡೆಯಿದೆ ಎಂಬ ಕಲ್ಪನೆ ಅಲ್ಲಿಗೆ ಮುರಿಯಿತು.

ಸರ್ಕಾರ ಬಲವಾಗಿದ್ದರೆ ಸಾಕು ಎನ್ನುವವರು ಮುಂದಿನ ವರ್ಷ ಚೀನಾದಲ್ಲಿ ನಡೆದದ್ದನ್ನು ನೋಡಬೇಕು. 2008ರಲ್ಲಿ ಅದೇ ಮೆಲಮೈನ್, ಪ್ರೋಟೀನಿನ ಅಂಕಿ ಏರಿಸುವ ಅದೇ ಉದ್ದೇಶದಿಂದ, ನೀರು ಬೆರೆಸಿದ ಹಾಲಿಗೆ ಸೇರಿತು. ಸುಮಾರು 3,00,000 ಮಕ್ಕಳು ಕಾಯಿಲೆ ಬಿದ್ದರು; ಅಧಿಕೃತ ಲೆಕ್ಕದಲ್ಲೇ ಆರು ಶಿಶುಗಳು ಸತ್ತವು. ಹಗರಣದ ಕೇಂದ್ರದಲ್ಲಿದ್ದ ಸಾನ್ಲು ಕಂಪನಿಗೆ ಗುಣಮಟ್ಟದ ತಪಾಸಣೆಯಿಂದ ವಿನಾಯಿತಿಯ ಗೌರವವನ್ನು ಸರ್ಕಾರವೇ ಕೊಟ್ಟಿತ್ತು. 2007ರ ಕೊನೆಯಿಂದಲೇ ದೂರುಗಳಿದ್ದವು. ಆಗಸ್ಟ್ ಮೊದಲ ವಾರ ಸ್ಥಳೀಯ ಅಧಿಕಾರಿಗಳಿಗೆ ವಿಷಯ ತಿಳಿದಿತ್ತು. ಆದರೆ ಬೀಜಿಂಗ್ ಒಲಿಂಪಿಕ್ಸ್ ಮುಗಿದು ಸೆಪ್ಟೆಂಬರ್ ಬರುವವರೆಗೆ ಜನರಿಗೆ ತಿಳಿಯಲಿಲ್ಲ. ಅದು ಬಹಿರಂಗವಾಗಲು ಸಾನ್ಲುವಿನಲ್ಲಿ ಪಾಲು ಹೊಂದಿದ್ದ ನ್ಯೂಜಿಲೆಂಡ್ ಕಂಪನಿಯೂ, ಆ ದೇಶದ ಸರ್ಕಾರವೂ ಒತ್ತಡ ಹಾಕಬೇಕಾಯಿತು. ಆಮೇಲೆ ಮರಣದಂಡನೆಯೂ ಆಯಿತು, 2009ರಲ್ಲಿ ಹೊಸ ಆಹಾರ ಸುರಕ್ಷತಾ ಕಾನೂನೂ ಬಂತು. ನಿಯಂತ್ರಿಸುವವರಿಗೂ ನಿಯಂತ್ರಣಕ್ಕೆ ಒಳಗಾಗುವವರಿಗೂ ಒಂದೇ ಹಿತಾಸಕ್ತಿ ಇದ್ದರೆ ಎಷ್ಟು ಕಠಿಣ ಶಿಕ್ಷೆ ಇದ್ದರೂ ಅದು ಹೆಣ ಎಣಿಸಿದ ಮೇಲೆಯೇ ಬರುತ್ತದೆ.

ಇಲ್ಲಿ ಒಂದು ಸಣ್ಣ ಅಡ್ಡಮಾತು. ಈ ಜಗಳವನ್ನು ಸರ್ಕಾರ ಮತ್ತು ಉದ್ಯಮದ ನಡುವಿನ ಜಗಳವೆಂದು ಚಿತ್ರಿಸುವುದೇ ಪೂರ್ತಿ ಸರಿಯಲ್ಲ. 1906ರಲ್ಲಿ ಅಮೆರಿಕದಲ್ಲಿ ಮಾಂಸ ತಪಾಸಣೆಯ ಕಾಯ್ದೆ ಬಂದಾಗ, ಯುರೋಪಿಗೆ ರಫ್ತು ಮಾಡುತ್ತಿದ್ದ ದೊಡ್ಡ ಮಾಂಸ ಕಂಪನಿಗಳಿಗೆ ಸರ್ಕಾರದ ಮುದ್ರೆ ಬೇಕೇ ಆಗಿತ್ತು. ಅವರ ತಕರಾರು ಇದ್ದದ್ದು ತಪಾಸಣೆಯ ಖರ್ಚು ಯಾರು ಕೊಡಬೇಕೆಂಬುದರ ಬಗ್ಗೆ. ನೂರು ವರ್ಷದ ನಂತರವೂ ದೊಡ್ಡ ಆಹಾರ ಕಂಪನಿಗಳ ಸಂಘಟನೆಗಳು, ಮುಂದೆ ಹೇಳಲಿರುವ ಅಮೆರಿಕದ 2011ರ ಆಹಾರ ಸುರಕ್ಷತಾ ಕಾನೂನನ್ನು ಬೆಂಬಲಿಸಿದವು. ಹೆದರಿದವರು ಸಣ್ಣ ಉತ್ಪಾದಕರು, ಅವರಿಗೆ ವಿನಾಯಿತಿಗಳು ಸಿಕ್ಕವು. ಅಪಾಯಕ್ಕೂ ಕಂಪನಿಯ ಗಾತ್ರಕ್ಕೂ ನೇರ ಸಂಬಂಧವಿಲ್ಲವಾದ್ದರಿಂದ ಈ ವಿನಾಯಿತಿಗಳ ಬಗ್ಗೆ ನನಗೆ ಸಮಾಧಾನವಿಲ್ಲ, ಆದರೆ ಅವಿಲ್ಲದೆ ಕಾನೂನು ಸಂಸತ್ತನ್ನು ದಾಟುತ್ತಿರಲಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. 2007ರ ಸೆಪ್ಟೆಂಬರ್‌ನಲ್ಲಿ ಅಂಗೀಕಾರವಾದ ಎಫ್‌ಡಿಎ ತಿದ್ದುಪಡಿ ಕಾಯ್ದೆಯಲ್ಲಿ ಸಾಕುಪ್ರಾಣಿಗಳ ಆಹಾರಕ್ಕೆಂದೇ ಒಂದು ಕಲಮು ಸೇರಿತು: ಎರಡು ವರ್ಷದೊಳಗೆ ಪದಾರ್ಥಗಳಿಗೆ, ತಯಾರಿಕೆಗೆ ಮತ್ತು ಲೇಬಲ್ಲಿಗೆ ಮಾನದಂಡಗಳನ್ನು ರೂಪಿಸಬೇಕು, ಕಾಯಿಲೆಗಳ ಮುನ್ನೆಚ್ಚರಿಕೆ ವ್ಯವಸ್ಥೆ ಕಟ್ಟಬೇಕು ಎಂದು. ದೂರು ಸಲ್ಲಿಸುವ ಆನ್‌ಲೈನ್ ವ್ಯವಸ್ಥೆ 2010ರಲ್ಲಿ ಬಂತು; ತನ್ನ ಆಹಾರದಿಂದ ಗಂಭೀರ ಅಪಾಯವಿದೆ ಎಂದು ತಿಳಿದ ಕಂಪನಿ ಅದನ್ನು ವರದಿ ಮಾಡಲೇಬೇಕೆಂಬ ನಿಯಮವೂ ಜಾರಿಯಾಯಿತು. ಆದರೆ ಮಾನದಂಡಗಳ ಗಡುವು ಮೀರಿತು, ಹಲವು ವರ್ಷ ಕಳೆಯಿತು, ಕೊನೆಗೆ 2018ರಲ್ಲಿ ಸಂಸತ್ತು ಆ ಭಾಗವನ್ನೇ ಸದ್ದಿಲ್ಲದೆ ತೆಗೆದುಹಾಕಿತು. ಹಗರಣದ ಬಿಸಿಯಲ್ಲಿ ಒಮ್ಮತದಿಂದ ಬರೆದ ಕಲಮು ಬಿಸಿ ಆರಿದ ಮೇಲೆ ಏನಾಗುತ್ತದೆ ಎಂದು ಅಧ್ಯಯನ ಮಾಡುವವರಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ.

ನಿಜವಾದ ಬದಲಾವಣೆ ತಂದದ್ದು 2011ರ ಜನವರಿ 4ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ಆಹಾರ ಸುರಕ್ಷತಾ ಆಧುನೀಕರಣ ಕಾಯ್ದೆ. ಅದರಡಿ 2015ರಲ್ಲಿ ಅಂತಿಮಗೊಂಡ ನಿಯಮಗಳ ಪ್ರಕಾರ, ವಿನಾಯಿತಿ ಪಡೆದ ಸಣ್ಣವನ್ನು ಬಿಟ್ಟರೆ ಪ್ರಾಣಿಗಳ ಆಹಾರ ತಯಾರಿಸುವ ಪ್ರತಿ ಕಾರ್ಖಾನೆಯೂ ತನ್ನ ಸರಕಿಗೆ ಯಾವ ಯಾವ ಅಪಾಯಗಳು ಬರಬಹುದೆಂದು ಮೊದಲೇ ಲಿಖಿತವಾಗಿ ಯೋಚಿಸಬೇಕು. ಹಣದಾಸೆಗೆ ಯಾರಾದರೂ ಏನನ್ನಾದರೂ ಬೆರೆಸುವ ಸಾಧ್ಯತೆಯನ್ನೂ ಅದರಲ್ಲಿ ಸೇರಿಸಬೇಕು. ಆಮದುದಾರನ ಮೇಲೂ ಹೊಣೆ ಬಂತು: ವಿದೇಶದ ಪೂರೈಕೆದಾರ ಯಾರು, ಹೇಗೆ ತಯಾರಿಸುತ್ತಾನೆ ಎಂಬುದನ್ನು ಪರಿಶೀಲಿಸಿ ದಾಖಲೆ ಇಡಬೇಕು, ಗಂಭೀರ ಅಪಾಯದ ಸರಕಾದರೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆಯಾದರೂ ಸ್ಥಳ ಪರಿಶೀಲನೆ ಆಗಬೇಕು. ನನ್ನ ಮಟ್ಟಿಗೆ ಇಡೀ ಕಾಯ್ದೆಯ ತಿರುಳು ಇದೇ. ಬಂದರಿನಲ್ಲಿ ನಿಂತ ಅಧಿಕಾರಿಗೆ ಚೀಲದ ಹಿಂದಿನ ಕಥೆ ತಿಳಿಯುವುದಿಲ್ಲ. ಪೂರೈಕೆದಾರನನ್ನು ಆರಿಸಿ, ಬೆಲೆ ಚೌಕಾಸಿ ಮಾಡಿ, ಹಣ ಕೊಟ್ಟ ಆಮದುದಾರನಿಗೆ ತಿಳಿಯುತ್ತದೆ, ತಿಳಿಯದಿದ್ದರೆ ತಿಳಿದುಕೊಳ್ಳುವ ಶಕ್ತಿಯಾದರೂ ಇರುತ್ತದೆ. ಗೊತ್ತಿರಲಿಲ್ಲ ಎಂಬ ಸಬೂಬು ಅವನ ಕೈಯಿಂದ ಜಾರಿಹೋಗುವಂತೆ ಮಾಡುವುದು ಯಾವ ಮಾರುಕಟ್ಟೆಗೂ ಸಾಧ್ಯವಾಗದ, ಕಾನೂನಿಗೆ ಮಾತ್ರ ಸಾಧ್ಯವಾಗುವ ಕೆಲಸ.

ಕಡ್ಡಾಯವಾಗಿ ವಾಪಸ್ ತರಿಸುವ ಅಧಿಕಾರವೂ ಇದೇ ಕಾಯ್ದೆಯಿಂದ ಬಂತು. 2013ರಲ್ಲಿ ಅದರ ಮೊದಲ ನೋಟಿಸು ಹೋದದ್ದು ಸಾಕುಪ್ರಾಣಿಗಳ ತಿನಿಸು ತಯಾರಿಸುತ್ತಿದ್ದ ಡೆನ್ವರ್‌ನ ಕಂಪನಿಯೊಂದಕ್ಕೆ, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸೇರಿದ್ದ ಪ್ರಕರಣದಲ್ಲಿ. ನೋಟಿಸು ಕಂಡ ಮೇಲೆ ಕಂಪನಿ ತಾನಾಗಿಯೇ ಸರಕು ವಾಪಸ್ ಪಡೆಯಿತು. ಪೂರ್ಣ ಪ್ರಮಾಣದ ಆದೇಶ ಹೊರಬೀಳಲು 2018ರವರೆಗೆ ಕಾಯಬೇಕಾಯಿತು, ಅದೂ ಬೇರೆಯದೇ ಪದಾರ್ಥಕ್ಕೆ. ಇಂಥ ಅಧಿಕಾರವನ್ನು ಬಳಸಿದ ಸಲದಿಂದ ಅಳೆಯಬಾರದು. ಅದು ಇದೆ ಎಂಬ ಅರಿವಿನಿಂದಲೇ ಕಂಪನಿಯೊಡನೆ ನಡೆಯುವ ಫೋನ್ ಮಾತುಕತೆಯ ಧಾಟಿ ಬದಲಾಗುತ್ತದೆ.

ಹಾಗೆಂದು ಸಾವುಗಳು ನಿಂತಿಲ್ಲ. 2019ರಲ್ಲಿ ಹೆಸರಾಂತ ಕಂಪನಿಯೊಂದರ ನಾಯಿ ಡಬ್ಬಿಗಳಲ್ಲಿ ವಿಟಮಿನ್ ಡಿ ಮಿತಿಮೀರಿತ್ತು. ಪೂರೈಕೆದಾರನ ವಿಟಮಿನ್ ಮಿಶ್ರಣದಲ್ಲಿದ್ದ ದೋಷ ಅದು. 2020ರ ಕೊನೆಯಲ್ಲಿ ಮಿಡ್‌ವೆಸ್ಟರ್ನ್ ಪೆಟ್ ಫುಡ್ಸ್ ಕಂಪನಿಯ ಒಣ ಆಹಾರದಲ್ಲಿ ಮೆಕ್ಕೆಜೋಳದಲ್ಲಿ ಬೆಳೆಯುವ ಬೂಸ್ಟಿನ ವಿಷವಾದ ಅಫ್ಲಟಾಕ್ಸಿನ್ ಸಿಕ್ಕಿತು. 110ಕ್ಕೂ ಹೆಚ್ಚು ನಾಯಿಗಳು ಸತ್ತ ವರದಿ ಎಫ್‌ಡಿಎಗೆ ಬಂತು. ಅಫ್ಲಟಾಕ್ಸಿನ್ ಮೆಲಮೈನಿನಂತೆ ಅನಿರೀಕ್ಷಿತವಲ್ಲ, ದಶಕಗಳಿಂದ ಎಲ್ಲರಿಗೂ ಗೊತ್ತಿರುವ ಅಪಾಯ. 2005ರ ಕೊನೆಯಲ್ಲಿ ಬೇರೊಂದು ಕಂಪನಿಯ ಆಹಾರದಲ್ಲಿ ಇದೇ ವಿಷದಿಂದ ನೂರಾರು ನಾಯಿಗಳು ಬಳಲಿದ್ದವು. ಗೊತ್ತಿದ್ದ ಅಪಾಯಕ್ಕೆ ಲಿಖಿತ ಯೋಜನೆ ಇದ್ದೂ ಅದು ಕೆಲಸ ಮಾಡಲಿಲ್ಲವೆಂದರೆ, ಯೋಜನೆ ಕಡತದಲ್ಲಿದೆಯೇ ಎಂದಲ್ಲ, ಕಾರ್ಖಾನೆಯ ನೆಲದ ಮೇಲಿದೆಯೇ ಎಂದು ಹೋಗಿ ನೋಡುವವರು ಬೇಕು. ಇಲ್ಲಿ ಇನ್‌ಸ್ಪೆಕ್ಟರ್ ಮತ್ತೆ ಬೇಕಾಗುತ್ತಾನೆ, ಆದರೆ ಚೀಲ ಬಿಚ್ಚಿ ನೋಡಲಿಕ್ಕಲ್ಲ.

ಅವನ ಸಂಬಳದ ಪ್ರಶ್ನೆಯನ್ನು ಆ ಕಾಯ್ದೆ ಬಗೆಹರಿಸಲಿಲ್ಲ. ಪ್ರತಿ ಆಹಾರ ಕಾರ್ಖಾನೆಯಿಂದ ವರ್ಷಕ್ಕೆ 500 ಡಾಲರ್ ನೋಂದಣಿ ಶುಲ್ಕ ಪಡೆದು ತಪಾಸಣೆಗೆ ಬಳಸುವ ಪ್ರಸ್ತಾಪವನ್ನು ಕೆಳಮನೆ ಒಪ್ಪಿತ್ತು. ಮೇಲ್ಮನೆಯಲ್ಲಿ ಅದು ಉಳಿಯಲಿಲ್ಲ, ಅಂತಿಮ ಕಾಯ್ದೆಯಲ್ಲಿ ಇಲ್ಲ. ನಿಯಮಗಳ ಪುಟಗಳು ಸಾವಿರಗಟ್ಟಲೆ ಬೆಳೆದವು, ಅವನ್ನು ನಡೆಸುವ ಹಣಕ್ಕೆ ಮಾತ್ರ ಸಂಸ್ಥೆ ಪ್ರತಿ ವರ್ಷವೂ ಸಂಸತ್ತಿನ ಬಜೆಟ್ಟಿನ ಮುಂದೆ ನಿಲ್ಲಬೇಕು. ಆದ್ದರಿಂದ ನಿಯಂತ್ರಣ ಹೆಚ್ಚೋ ಕಡಿಮೆಯೋ ಎಂದು ನಿಮ್ಮೊಡನೆ ಯಾರಾದರೂ ವಾದಕ್ಕೆ ನಿಂತರೆ, ಯಾವ ನಿಯಮ, ಅದನ್ನು ಯಾರು ನೋಡಿಕೊಳ್ಳುತ್ತಾರೆ, ಖರ್ಚು ಯಾರದು ಎಂದು ಕೇಳಿ. ಸರ್ಕಾರದ ಪರವಾಗಿ ಮಾತನಾಡುವವರೂ ಮಾರುಕಟ್ಟೆಯ ಪರವಾಗಿ ಮಾತನಾಡುವವರೂ ಮೂರನೆಯ ಪ್ರಶ್ನೆಗೆ ಬಂದಾಗ ತಡವರಿಸುವುದನ್ನು ನಾನು ಬಹಳ ಸಲ ನೋಡಿದ್ದೇನೆ.